ಬಿ ಅಲ್ಲ, ಸಿ ಅಲ್ಲ: ಕತ್ತರಿಸಿದ ಮೇಲೂ ಮರಳುವ ಗಡ್ಡೆಯ ಚರಿತ್ರೆ

ರೋಗಗಳಿಗೆ ಹೆಸರಿಡುವಾಗ ವೈದ್ಯರು ಕೆಲವೊಮ್ಮೆ ‘ಇದು ಏನು’ ಎಂದು ಹೇಳಲಾಗದೆ ‘ಇದು ಏನಲ್ಲ’ ಎಂದಷ್ಟೇ ಬರೆದಿಡುತ್ತಾರೆ. 1970ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಹೀಗೇ ಆಯಿತು. ಬೇರೆಯವರ ರಕ್ತ ಪಡೆದ ಕೆಲವು ರೋಗಿಗಳಿಗೆ ಆಮೇಲೆ ಯಕೃತ್ತಿನ ಉರಿಯೂತ ಬರುತ್ತಿತ್ತು. ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಎ ವೈರಸ್ಸೂ ಇಲ್ಲ, ಬಿ ವೈರಸ್ಸೂ ಇಲ್ಲ. ಸಂಶೋಧಕರು ಅದನ್ನು ‘ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್’ ಎಂದು ಕರೆದರು. 1989ರಲ್ಲಿ ವೈರಸ್ ಪತ್ತೆಯಾಯಿತು, ರೋಗಕ್ಕೆ ಸಿ ಎಂಬ ಅಕ್ಷರ ಸಿಕ್ಕಿತು. 2020ರಲ್ಲಿ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ ಈ ಕೆಲಸಕ್ಕಾಗಿ ನೊಬೆಲ್ ಕೂಡ ಬಂತು. ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಸಿ ವೈರಸ್ಸಿನ ಪರೀಕ್ಷೆ ಆಸ್ಪತ್ರೆಗಳಿಗೆ ಬಂದ ಮೇಲೆ ಜಪಾನಿನ ಶಸ್ತ್ರವೈದ್ಯರು ತಮ್ಮ ಲಿವರ್ ಕ್ಯಾನ್ಸರ್ ರೋಗಿಗಳನ್ನು ಬಿ ಇರುವವರು, ಸಿ ಇರುವವರು ಎಂದು ಬೇರ್ಪಡಿಸಿದರು. ಎರಡೂ ಇಲ್ಲದವರು ಒಂದಿಷ್ಟು ಮಂದಿ ಉಳಿದುಕೊಂಡರು. ಅವರ ರೋಗಕ್ಕೆ ಮತ್ತೆ ಹಳೆಯ ಕ್ರಮದಲ್ಲೇ ಹೆಸರು ಬಿತ್ತು: ‘ಬಿ ಅಲ್ಲದ, ಸಿ ಅಲ್ಲದ’ ಯಕೃತ್ತಿನ ಕ್ಯಾನ್ಸರ್.

ನಾನು ವೈದ್ಯೆಯಲ್ಲ. ಆಧುನಿಕ ವೈದ್ಯಕೀಯದ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿನಿ. ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ಓದುವಾಗ ನನ್ನ ಕಣ್ಣು ನಿಲ್ಲುವುದು ಹೆಚ್ಚಾಗಿ ಕೋಷ್ಟಕದ ಕೊನೆಯ ಸಾಲಿನಲ್ಲಿ, ‘ಇತರೆ’ ಎಂದು ಬರೆದಿರುವ ಕಡೆ. ಒಂದು ಕಾಲಕ್ಕೆ ಯಾವುದು ಮುಖ್ಯ ಎನಿಸಿತ್ತು ಎನ್ನುವುದು ಮೇಲಿನ ಸಾಲುಗಳಲ್ಲಿ ಇರುತ್ತದೆ. ಯಾವುದನ್ನು ವಿಚಾರಿಸದೆ ಬಿಟ್ಟಿದ್ದರು ಎನ್ನುವುದು ಆ ಕೊನೆಯ ಸಾಲಿನಲ್ಲಿ. ಈ ಬರಹದ ಪ್ರಶ್ನೆ ಆ ಸಾಲಿನವರದ್ದು. ವೈರಸ್ ಇಲ್ಲದವರ ಯಕೃತ್ತಿನಿಂದ ಗಡ್ಡೆಯನ್ನು ಪೂರ್ತಿ ಕತ್ತರಿಸಿ ತೆಗೆದ ಮೇಲೂ ಅದು ಏಕೆ ಮರಳುತ್ತದೆ? ಶಾಲೆಯ ಪುಸ್ತಕದ ಪಿತ್ತಜನಕಾಂಗ, ವೈದ್ಯರ ಬರಹದ ಯಕೃತ್ತು, ಮನೆಮಾತಿನ ಲಿವರ್, ಮೂರೂ ಒಂದೇ. ಇಲ್ಲಿ ನಾನು ಹೇಳುತ್ತಿರುವುದು ಹೊಟ್ಟೆಯಿಂದಲೋ ಕರುಳಿನಿಂದಲೋ ಹರಡಿ ಬಂದ ಕ್ಯಾನ್ಸರ್ ಬಗ್ಗೆ ಅಲ್ಲ, ಯಕೃತ್ತಿನ ಸ್ವಂತ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್ ಬಗ್ಗೆ.

ಗಡ್ಡೆ ಮರಳುತ್ತದೆಯೇ ಎಂದು ಕೇಳಬೇಕಾದರೆ ಮೊದಲು ರೋಗಿ ಬದುಕಿರಬೇಕು. ಹತ್ತೊಂಬತ್ತನೇ ಶತಮಾನದ ಶಸ್ತ್ರವೈದ್ಯರಿಗೆ ಯಕೃತ್ತು ಎಂದರೆ ಕೈಹಾಕಬಾರದ ಅಂಗ. ಸುಮಾರು ಒಂದೂವರೆ ಕಿಲೋ ತೂಗುವ ಇದರೊಳಗೆ ನಿಮಿಷಕ್ಕೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಹೊಲಿಗೆ ಹಾಕಲು ಹೋದರೆ ದಾರ ಅಂಗಾಂಶವನ್ನೇ ಸೀಳಿಕೊಂಡು ಬರುತ್ತದೆ. ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಯಕೃತ್ತಿನ ಒಂದು ಭಾಗವನ್ನು ಯೋಜನೆ ಹಾಕಿಕೊಂಡು ಕತ್ತರಿಸಿ ತೆಗೆದ ವರದಿ ಪ್ರಕಟವಾಗಿದ್ದು 1888ರಲ್ಲಿ. ಶಸ್ತ್ರಚಿಕಿತ್ಸೆಯ ನಂತರ ರಕ್ತ ಸುರಿಯತೊಡಗಿ ಅವರು ರೋಗಿಯ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಯಿತು. ಆಕೆ ಬದುಕಿದರು. 1891ರಲ್ಲಿ ವಿಲ್ಹೆಲ್ಮ್ ಲ್ಯೂಕೆ ಯಕೃತ್ತಿನ ಕ್ಯಾನ್ಸರ್ ಗಡ್ಡೆಯನ್ನೇ ತೆಗೆದರು. 1908ರಲ್ಲಿ ಗ್ಲಾಸ್ಗೊದ ಹೊಗಾರ್ತ್ ಪ್ರಿಂಗಲ್, ಯಕೃತ್ತಿಗೆ ರಕ್ತ ತರುವ ನಾಳಗಳ ಕಟ್ಟನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ಹಿಡಿದರೆ ರಕ್ತಸ್ರಾವ ನಿಲ್ಲುತ್ತದೆ ಎಂದು ಬರೆದರು. ಅವರು ಹಾಗೆ ಉಳಿಸಲು ಹೊರಟದ್ದು ಅಪಘಾತದಲ್ಲಿ ಯಕೃತ್ತು ಒಡೆದವರನ್ನು. ಅವರಲ್ಲಿ ಹೆಚ್ಚಿನವರು ಬದುಕಲಿಲ್ಲ. ಆದರೆ ಆ ಉಪಾಯ ಉಳಿಯಿತು, ಇಂದಿಗೂ ಅವರ ಹೆಸರಿನಲ್ಲೇ ಇದೆ.

ಮುಂದಿನ ದೊಡ್ಡ ಹೆಜ್ಜೆ ಯಕೃತ್ತಿನ ಒಳನಕ್ಷೆ ಬರೆದದ್ದು. ಹನೋಯ್‌ನಲ್ಲಿ ತೋನ್ ಥಾತ್ ತುಂಗ್ ಎಂಬ ತರುಣ ವೈದ್ಯ, ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಸುಮಾರು 200 ಶವಗಳ ಯಕೃತ್ತುಗಳನ್ನು ಬಿಡಿಸಿ ನಾಳಗಳ ಕವಲುಗಳನ್ನು ಗುರುತಿಸಿ 1939ರಲ್ಲಿ ಪ್ರಬಂಧ ಸಲ್ಲಿಸಿದರು. ಪ್ಯಾರಿಸಿನ ಕ್ಲೋದ್ ಕ್ವಿನೋ 1957ರ ತಮ್ಮ ಗ್ರಂಥದಲ್ಲಿ ಯಕೃತ್ತನ್ನು ಎಂಟು ಭಾಗಗಳಾಗಿ ವಿಂಗಡಿಸಿದರು. ಒಂದೊಂದು ಭಾಗಕ್ಕೂ ತನ್ನದೇ ರಕ್ತನಾಳದ ಕವಲು, ತನ್ನದೇ ಪಿತ್ತನಾಳ. ನೀರಿನ ಕಾಲುವೆ ಗೊತ್ತಿದ್ದರೆ ಒಂದು ಮಡಿಗೆ ಮಾತ್ರ ನೀರು ನಿಲ್ಲಿಸಬಹುದಲ್ಲ, ಹಾಗೆ ಶಸ್ತ್ರವೈದ್ಯರು ಒಂದು ಭಾಗಕ್ಕೆ ಮಾತ್ರ ರಕ್ತ ನಿಲ್ಲಿಸಿ ಅದನ್ನು ಬೇರ್ಪಡಿಸಲು ಕಲಿತರು. 1985ರಲ್ಲಿ ಜಪಾನಿನ ಮಸಾತೋಶಿ ಮಾಕೂಚಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ಅಲ್ಟ್ರಾಸೌಂಡ್ ನೋಡಿಕೊಂಡು, ಗಡ್ಡೆಗೆ ರಕ್ತ ಒಯ್ಯುವ ಕವಲಿಗೆ ಬಣ್ಣ ಚುಚ್ಚುವ ವಿಧಾನವನ್ನು ಪ್ರಕಟಿಸಿದರು. ಬಣ್ಣ ಎಲ್ಲಿಯವರೆಗೆ ಹರಡಿತೋ ಅಲ್ಲಿಯವರೆಗೆ ಕತ್ತರಿಸುವುದು. ಕ್ಯಾನ್ಸರ್ ಜೀವಕೋಶಗಳು ಹರಡುವುದೂ ಅದೇ ಕವಲಿನ ದಾರಿಯಲ್ಲಿ ಎಂಬುದು ಇದರ ಹಿಂದಿನ ತರ್ಕ.

ಹೀಗೆ ಸುಮಾರು ನೂರು ವರ್ಷಗಳಲ್ಲಿ ರೋಗಿ ಮೇಜಿನ ಮೇಲೇ ಸಾಯುವ ಭಯ ಕಡಿಮೆಯಾಯಿತು. ಹೊಲಿಗೆ ಮಾಗಿ ರೋಗಿ ಮನೆಗೆ ಹೋಗಿ ಎರಡು, ಮೂರು, ಐದು ವರ್ಷ ಬದುಕಿದಾಗ ಹೊಸ ಸಂಗತಿಯೊಂದು ಎದುರಾಯಿತು. ಶಸ್ತ್ರಚಿಕಿತ್ಸೆಯಾದ ಐದು ವರ್ಷಗಳೊಳಗೆ ಸುಮಾರು ಶೇ. 70ರಷ್ಟು ರೋಗಿಗಳಲ್ಲಿ ಕ್ಯಾನ್ಸರ್ ಮರಳುತ್ತದೆ ಎನ್ನುವುದು ಇಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಬಹಳಷ್ಟು ಸಲ ಅದು ಮರಳುವುದು ಬೇರೆಲ್ಲೋ ಅಲ್ಲ, ಉಳಿಸಿದ ಯಕೃತ್ತಿನಲ್ಲೇ.

ಈ ಲೆಕ್ಕಕ್ಕೂ ಒಂದು ಇತಿಹಾಸವಿದೆ. ಹತ್ತು ವರ್ಷದ ಅವಧಿಯಲ್ಲಿ ಬೇರೆ ಬೇರೆ ದಿನ ಶಸ್ತ್ರಚಿಕಿತ್ಸೆಯಾದವರು, ಒಬ್ಬರು ಮೂರು ವರ್ಷ ತಪಾಸಣೆಗೆ ಬಂದು ನಿಂತವರು, ಇನ್ನೊಬ್ಬರು ಬೇರೆ ಕಾರಣಕ್ಕೆ ತೀರಿಕೊಂಡವರು. ಇಂಥವರನ್ನೆಲ್ಲ ಒಂದೇ ಲೆಕ್ಕಕ್ಕೆ ತರುವುದು ಹೇಗೆ? 1958ರಲ್ಲಿ ಎಡ್ವರ್ಡ್ ಕ್ಯಾಪ್ಲಾನ್ ಮತ್ತು ಪಾಲ್ ಮೀಯರ್ ಎಂಬ ಇಬ್ಬರು ಅದಕ್ಕೊಂದು ದಾರಿ ಹೇಳಿದರು. ರೋಗಿ ಎಷ್ಟು ದಿನ ನಮ್ಮ ಕಣ್ಣಳತೆಯಲ್ಲಿದ್ದರೋ ಅಷ್ಟು ದಿನದ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಿ, ಆಮೇಲೆ ಬಿಟ್ಟುಬಿಡಿ ಎನ್ನುವುದು ಅದರ ಸಾರ. ಕ್ಯಾನ್ಸರ್ ಕುರಿತ ಯಾವುದೇ ಲೇಖನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆಯೊಂದನ್ನು ನೀವು ನೋಡಿದ್ದರೆ ಅದು ಇವರದ್ದು. ಒಂದೊಂದು ಮೆಟ್ಟಿಲೂ ಒಬ್ಬರ ಸಾವು ಅಥವಾ ಒಬ್ಬರಲ್ಲಿ ಮರಳಿದ ಗಡ್ಡೆ.

ಈ ಮೆಟ್ಟಿಲುಗಳನ್ನು ದಿಟ್ಟಿಸಿ ನೋಡಿದವರಿಗೆ ಕಂಡದ್ದು ಏನೆಂದರೆ ಗಡ್ಡೆ ಮರಳುವುದರಲ್ಲಿ ಎರಡು ಬಗೆ ಇದೆ. ಹೊಲದಲ್ಲಿ ಕಳೆ ಕಿತ್ತವರಿಗೆ ಇದು ಹೊಸ ಮಾತಲ್ಲ. ಗರಿಕೆಯನ್ನು ಎಷ್ಟೇ ಜಾಗ್ರತೆಯಾಗಿ ಕಿತ್ತರೂ ಬೇರಿನ ಒಂದು ತುಂಡು ಮಣ್ಣಲ್ಲಿ ಉಳಿದರೆ ಕೆಲವೇ ದಿನಗಳಲ್ಲಿ ಅಲ್ಲಿಂದಲೇ ಚಿಗುರುತ್ತದೆ. ಇನ್ನು ಕೆಲವು ಕಳೆ ಹಾಗಲ್ಲ. ಹಳೆಯದನ್ನು ಬೇರುಸಹಿತ ಕಿತ್ತಿರುತ್ತೀರಿ, ಆದರೆ ಮುಂದಿನ ಮಳೆಗೆ ನೆಲದೊಳಗೆ ಮಲಗಿದ್ದ ಬೀಜ ಮೊಳೆಯುತ್ತದೆ. ನೋಡಲು ಎರಡೂ ಒಂದೇ ಥರ. 2000ನೇ ಇಸವಿಯಲ್ಲಿ ಹಾಂಗ್‌ಕಾಂಗ್‌ನ ರೋನಿ ಪೂನ್ ಮತ್ತು ಸಂಗಡಿಗರು ಒಂದು ವರ್ಷದ ಗೆರೆ ಎಳೆದು ಬೇಗ ಮರಳಿದ ಗಡ್ಡೆ, ತಡವಾಗಿ ಮರಳಿದ ಗಡ್ಡೆ ಎಂದು ಬೇರ್ಪಡಿಸಿದರು. 2003ರಲ್ಲಿ ಟೋಕಿಯೊದ ಹಿರೋಶಿ ಇಮಾಮುರಾ ಮತ್ತು ಸಂಗಡಿಗರು 249 ರೋಗಿಗಳನ್ನು ಪರಿಶೀಲಿಸಿ ಗೆರೆಯನ್ನು ಎರಡು ವರ್ಷಕ್ಕೆ ಎಳೆದರು. ಎರಡು ವರ್ಷದೊಳಗೆ ಮರಳಿದವುಗಳ ಹಿಂದೆ ಕಂಡದ್ದು ಗಡ್ಡೆಯ ಗುಣ ಮತ್ತು ಕತ್ತರಿಸಿದ ರೀತಿ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಂತೆ ರಕ್ತನಾಳದೊಳಗೆ ನುಸುಳಿದ ಜೀವಕೋಶಗಳು, ರಕ್ತದಲ್ಲಿ ಏರಿದ ಆಲ್ಫಾ ಫೀಟೊಪ್ರೋಟೀನ್, ನಕ್ಷೆಯ ಭಾಗವನ್ನು ಅನುಸರಿಸದೆ ಗಡ್ಡೆಯಷ್ಟನ್ನೇ ಕತ್ತರಿಸಿದ್ದು. ಎರಡು ವರ್ಷದ ನಂತರ ಮರಳಿದವುಗಳಲ್ಲಿ ಉಳಿದ ಯಕೃತ್ತಿನ ಉರಿಯೂತ ಎಷ್ಟಿತ್ತು ಎನ್ನುವುದು ಮುಂದೆ ಬಂತು. ಅಂದರೆ ಮೊದಲನೆಯದು ಬೇರಿನ ತುಂಡು, ಎರಡನೆಯದು ನೆಲ.

ನೆಲವೇ ಮುಖ್ಯ ಎಂಬುದಕ್ಕೆ ಬೇರೊಂದು ಕಡೆಯಿಂದ ಅದಕ್ಕೂ ಮೊದಲೇ ಸಾಕ್ಷಿ ಸಿಕ್ಕಿತ್ತು. 1996ರಲ್ಲಿ ಮಿಲಾನಿನ ವಿನ್ಸೆಂಜೊ ಮಜ್ಜಾಫೆರೊ ಮತ್ತು ಸಂಗಡಿಗರು ಗಂಟುಗಟ್ಟಿದ ಯಕೃತ್ತಿನಲ್ಲಿ, ಅಂದರೆ ಸಿರೋಸಿಸ್ ಆದ ಯಕೃತ್ತಿನಲ್ಲಿ, ಸಣ್ಣ ಗಡ್ಡೆಯಿದ್ದ 48 ಮಂದಿಗೆ ಇಡೀ ಯಕೃತ್ತನ್ನೇ ಬದಲಿಸಿದ ಫಲಿತಾಂಶ ಪ್ರಕಟಿಸಿದರು. ಕ್ಯಾನ್ಸರ್ ಮರಳಿದ್ದು 4 ಮಂದಿಯಲ್ಲಿ ಮಾತ್ರ. ಕಳೆಯ ಜೊತೆ ಹೊಲವನ್ನೇ ಬದಲಿಸಿದರೆ ಹೀಗಾಗುತ್ತದೆ. ಆದರೆ ಎಲ್ಲರಿಗೂ ಬದಲಿ ಯಕೃತ್ತು ಸಿಗುವುದಿಲ್ಲ. ಬಹುಪಾಲು ರೋಗಿಗಳು ಬಾಳಬೇಕಿರುವುದು ತಮ್ಮ ಹಳೆಯ ನೆಲದಲ್ಲೇ.

ಈಗ ವೈರಸ್ಸಿಗೆ ಬರೋಣ. ಬರೂಖ್ ಬ್ಲೂಂಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಗುರುತಿಸಿದ ವಸ್ತುವೊಂದರ ವರದಿ 1965ರಲ್ಲಿ ಬಂತು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ಆಮೇಲೆ ತಿಳಿಯಿತು. 1981ರಲ್ಲಿ ಪಾಮರ್ ಬೀಸ್ಲಿ ಮತ್ತು ಸಂಗಡಿಗರು ತೈವಾನಿನ 22,707 ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿದರು. ಬಿ ವೈರಸ್ ಹೊತ್ತವರಿಗೆ ಯಕೃತ್ತಿನ ಕ್ಯಾನ್ಸರ್ ಬರುವ ಅಪಾಯ ಉಳಿದವರಿಗಿಂತ 223 ಪಟ್ಟು ಹೆಚ್ಚಿತ್ತು. ಒಂದು ಕಾರಣ ಮತ್ತು ಒಂದು ಕ್ಯಾನ್ಸರಿನ ನಡುವೆ ಇಷ್ಟು ಗಟ್ಟಿಯಾದ ನಂಟು ಸಿಗುವುದು ಅಪರೂಪ. ತೈವಾನ್ 1984ರಿಂದ ಕೂಸುಗಳಿಗೆ ಬಿ ಲಸಿಕೆ ಹಾಕಿಸಿತು. ಆ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಇಳಿಯಿತು. ಈ ಗೆಲುವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ.

ಆದರೆ ವೈರಸ್ ಕೊಟ್ಟದ್ದು ಕಾರಣವೊಂದನ್ನೇ ಅಲ್ಲ. ಮರಳಿದ ಗಡ್ಡೆಯನ್ನು ಓದುವ ಉಪಕರಣವೊಂದನ್ನೂ ಅದು ಕೊಟ್ಟಿತು. ಬಿ ವೈರಸ್ಸಿನ ಡಿಎನ್‌ಎ ತುಣುಕುಗಳು ಗಡ್ಡೆಯ ಜೀವಕೋಶಗಳ ಡಿಎನ್‌ಎಯೊಳಗೇ ಸೇರಿಕೊಂಡಿರುತ್ತವೆ ಎಂದು 1980ರ ದಶಕದ ಆರಂಭಕ್ಕೆ ಸ್ಪಷ್ಟವಾಗಿತ್ತು. ಎಲ್ಲಿ ಸೇರಿಕೊಂಡಿದೆ ಎನ್ನುವುದು ಗಡ್ಡೆಯಿಂದ ಗಡ್ಡೆಗೆ ಬೇರೆ. ಹಾಗಾಗಿ ಮೊದಲ ಗಡ್ಡೆ ಮತ್ತು ಮರಳಿದ ಗಡ್ಡೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಗುರುತು ಒಂದೇ ಇದ್ದರೆ ಇದು ಹಳೆಯ ಬೇರಿನ ಚಿಗುರು, ಬೇರೆ ಇದ್ದರೆ ಹೊಸ ಬೀಜ. ಬೆರಳಚ್ಚು ನೋಡಿ ಕಳ್ಳನನ್ನು ಗುರುತಿಸಿದ ಹಾಗೆ. ಅದರ ಜೊತೆಗೆ ಔಷಧವೂ ಬಂತು. ಬಿ ವೈರಸ್ಸನ್ನು ಹತ್ತಿಕ್ಕುವ ಮಾತ್ರೆಗಳು ಶಸ್ತ್ರಚಿಕಿತ್ಸೆಯ ನಂತರದ ಮರುಕಳಿಕೆಯನ್ನು ತಗ್ಗಿಸುತ್ತವೆ. ಸಿ ವೈರಸ್ಸನ್ನು ಕೆಲವೇ ತಿಂಗಳಲ್ಲಿ ದೇಹದಿಂದ ತೊಲಗಿಸುವ ಮಾತ್ರೆಗಳು ಕಳೆದ ದಶಕದಲ್ಲಿ ಬಂದವು.

ವೈರಸ್ ಇಲ್ಲದವರಿಗೆ ಈ ಮೂರರಲ್ಲಿ ಯಾವುದೂ ಸಿಗಲಿಲ್ಲ. ಬೊಟ್ಟುಮಾಡಿ ತೋರಿಸಲು ಒಂದು ಕಾರಣ ಇರಲಿಲ್ಲ. ಗಡ್ಡೆಯ ಗುರುತು ಹಿಡಿಯಲು ಆ ಬೆರಳಚ್ಚು ಇರಲಿಲ್ಲ. ವಂಶವಾಹಿಗಳ ಇತರ ಬದಲಾವಣೆಗಳನ್ನು ಓದುವ ತಂತ್ರಗಳು ಬೆಳೆಯುವವರೆಗೆ ಕಾಯಬೇಕಾಯಿತು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ನುಂಗಲು ಮಾತ್ರೆಯೂ ಇರಲಿಲ್ಲ.

‘ಬಿ ಅಲ್ಲದ, ಸಿ ಅಲ್ಲದ’ ಎಂಬ ಆ ಗಂಟನ್ನು ಬಿಚ್ಚಿ ನೋಡಿದರೆ ಒಳಗಿರುವವರು ಒಂದೇ ಬಗೆಯವರಲ್ಲ. ವರ್ಷಗಟ್ಟಲೆ ಮದ್ಯ ಕುಡಿದವರಿದ್ದಾರೆ. ಬೂಷ್ಟು ಹಿಡಿದ ಧಾನ್ಯದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಹೊಟ್ಟೆ ಸೇರಿದವರಿದ್ದಾರೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಬಂದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು 106 ಮಂದಿ ಸತ್ತದ್ದು ಇದೇ ವಿಷದಿಂದ. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ಸೇರಿದರೆ ಅದೇ ವಿಷ ಕ್ಯಾನ್ಸರ್ ತರುತ್ತದೆ. ಇನ್ನು ವೈರಸ್ ಇಲ್ಲ ಎಂದು ಬರೆಸಿಕೊಂಡೂ ನಿಜವಾಗಿ ಇದ್ದವರಿದ್ದಾರೆ. 2004ರಲ್ಲಿ ಇಟಲಿಯ ಸಂಶೋಧಕರು ರಕ್ತಪರೀಕ್ಷೆಯಲ್ಲಿ ಬಿ ನೆಗೆಟಿವ್ ಬಂದಿದ್ದ 107 ಯಕೃತ್ತಿನ ಕ್ಯಾನ್ಸರ್ ರೋಗಿಗಳ ಅಂಗಾಂಶವನ್ನೇ ಪರೀಕ್ಷಿಸಿದಾಗ 68 ಮಂದಿಯಲ್ಲಿ ಬಿ ವೈರಸ್ಸಿನ ಡಿಎನ್‌ಎ ಸಿಕ್ಕಿತು. ಎಂದೋ ಬಂದು ಹೋದ ಸೋಂಕು ರಕ್ತದಿಂದ ಮಾಯವಾಗಿ ಯಕೃತ್ತಿನಲ್ಲಿ ಉಳಿದಿತ್ತು. ‘ನೆಗೆಟಿವ್’ ಎಂಬ ಪದದ ಅರ್ಥ ಯಾವ ಪರೀಕ್ಷೆ, ಎಲ್ಲಿಂದ ತೆಗೆದ ಮಾದರಿ ಎನ್ನುವುದರ ಮೇಲೆ ನಿಂತಿದೆ.

ಆದರೆ ಈ ಗಂಟಿನಲ್ಲಿ ದಿನೇದಿನೇ ದೊಡ್ಡದಾಗುತ್ತಿರುವ ಪಾಲು ಬೇರೆಯೇ ಒಂದು. 1980ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಯೂರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ರೋಗಿಗಳ ಬಗ್ಗೆ ಬರೆದರು. ಅವರ ಯಕೃತ್ತಿನ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಥೇಟು ಕುಡುಕರ ಯಕೃತ್ತು: ಕೊಬ್ಬು, ಉರಿಯೂತ, ನಾರುಗಟ್ಟಿದ ಗಾಯದ ಕಲೆ. ಆದರೆ ಅವರು ಕುಡಿಯುವವರಲ್ಲ. ಹೆಚ್ಚಿನವರು ಬೊಜ್ಜಿನವರು, ಹಲವರಿಗೆ ಸಕ್ಕರೆ ಕಾಯಿಲೆ. ಈ ರೋಗಕ್ಕೆ ಈವರೆಗೆ ಹೆಸರೇ ಇಲ್ಲ ಎಂದು ಲೇಖನದ ಶೀರ್ಷಿಕೆಯಲ್ಲೇ ಹೇಳಿದ ಅವರು ಕೊಟ್ಟ ಹೆಸರೂ ‘ಅಲ್ಲ’ದಿಂದಲೇ ಶುರುವಾಯಿತು, ಮದ್ಯದಿಂದ ಅಲ್ಲದ ಕೊಬ್ಬಿನ ಹೆಪಟೈಟಿಸ್ ಎಂದು. 2002ರಲ್ಲಿ ಟ್ಯೂರಿನ್ನಿನ ಎಲಿಸಬೆಟ್ಟಾ ಬುಜಿಯಾನೇಸಿ ಮತ್ತು ಸಂಗಡಿಗರು ಸಿರೋಸಿಸ್ ಜೊತೆಗೆ ಯಕೃತ್ತಿನ ಕ್ಯಾನ್ಸರ್ ಬಂದಿದ್ದ 641 ಮಂದಿಯಲ್ಲಿ ಕಾರಣ ಗೊತ್ತಿಲ್ಲ ಎಂದು ಬರೆದಿದ್ದ 44 ಮಂದಿಯನ್ನು ಹೆಕ್ಕಿ ನೋಡಿದರು. ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದಲ್ಲಿ ಏರಿದ ಕೊಬ್ಬು ಅವರಲ್ಲಿ ಎದ್ದು ಕಂಡಿತು. ಕಾರಣ ಇತ್ತು, ಯಾರೂ ಅದನ್ನು ಕಾರಣ ಎಂದು ಬರೆದಿರಲಿಲ್ಲ.

ಇದು ನಮ್ಮ ಮನೆಗೂ ಬಂದ ವಿಷಯ. ನಮ್ಮ ದೊಡ್ಡಪ್ಪ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ಬಾಯಿಗೆ ಒಂದು ತೊಟ್ಟು ಮದ್ಯ ಹಾಕಿದವರಲ್ಲ. ಯಾವುದೋ ಹೊಟ್ಟೆನೋವಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಯಕೃತ್ತಿನಲ್ಲಿ ಗಡ್ಡೆ ಕಂಡಿತು. ಆಗಲೇ ದೊಡ್ಡದಾಗಿತ್ತು. ಬಿ ನೆಗೆಟಿವ್, ಸಿ ನೆಗೆಟಿವ್. ಊರಿನಲ್ಲಿ ಸುದ್ದಿ ಹಬ್ಬಿದ್ದು ಬೇರೆ ಥರ: “ಮೇಷ್ಟ್ರು ಗುಟ್ಟಾಗಿ ಹಾಕ್ತಿದ್ರೇನೋ.” ದೊಡ್ಡಮ್ಮ ಆಸ್ಪತ್ರೆಯ ಖರ್ಚಿಗಿಂತ ಆ ಮಾತಿಗೆ ಹೆಚ್ಚು ನೊಂದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ನಾಲ್ಕನೇ ವರ್ಷ, ಕತ್ತರಿಸಿದ ಜಾಗದಿಂದ ದೂರದಲ್ಲಿ, ಇನ್ನೊಂದು ಗಡ್ಡೆ ಕಾಣಿಸಿಕೊಂಡಿತು. “ಎಲ್ಲಾ ತೆಗೆದಿದ್ದೀವಿ ಅಂದಿದ್ರಲ್ಲಾ ಸಾರ್?” ಎಂದು ಅವರು ವೈದ್ಯರನ್ನು ಕೇಳಿದರು. ವೈದ್ಯರು ತಾಳ್ಮೆಯಿಂದ ಹೇಳಿದ ಉತ್ತರ ಇಷ್ಟು: “ಗಡ್ಡೆ ಎಲ್ಲಾ ತೆಗೆದಿದ್ವಿ ಮೇಷ್ಟ್ರೇ. ಲಿವರ್ ನಿಮ್ಮದೇ ಉಳ್ಕೊಂಡಿತ್ತಲ್ಲ.” ನಾನು ಗ್ರಂಥಾಲಯದಲ್ಲಿ ಓದುತ್ತಿದ್ದ ನೂರು ವರ್ಷದ ಚರಿತ್ರೆ ಆ ಎರಡು ಮಾತಿನಲ್ಲಿತ್ತು.

ವೈರಸ್ ಇಲ್ಲದ ರೋಗಿಗಳನ್ನು ಪ್ರತ್ಯೇಕವಾಗಿ ನೋಡಿದ ಜಪಾನಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವೂ ಇದೇ. ಅವರಿಗೆ ವಯಸ್ಸು ಹೆಚ್ಚು, ಸಕ್ಕರೆ ಕಾಯಿಲೆ ಹೆಚ್ಚು, ಪತ್ತೆಯಾಗುವ ಹೊತ್ತಿಗೆ ಗಡ್ಡೆ ದೊಡ್ಡದು. ಆದರೆ ಯಕೃತ್ತಿನ ಕಾರ್ಯಶಕ್ತಿ ವೈರಸ್ ಇದ್ದವರಿಗಿಂತ ಚೆನ್ನಾಗಿರುತ್ತದೆ. ಗಡ್ಡೆ ದೊಡ್ಡದಾಗುವುದಕ್ಕೆ ಕಾರಣ ಜೈವಿಕವಾದದ್ದಷ್ಟೇ ಅಲ್ಲ. ಬಿ ಅಥವಾ ಸಿ ಇದೆ ಎಂದು ಗೊತ್ತಾದವರನ್ನು ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗಿಗೆ ಕರೆಯುತ್ತಾರೆ. ಹೆಸರಿಲ್ಲದವರನ್ನು ಯಾರೂ ಕರೆಯುವುದಿಲ್ಲ. ಅದರ ಮೇಲೆ, ಕೊಬ್ಬಿನ ಯಕೃತ್ತಿನವರಲ್ಲಿ ಗಣನೀಯ ಪಾಲು ಜನರಿಗೆ ಸಿರೋಸಿಸ್ ಆಗುವ ಮೊದಲೇ ಕ್ಯಾನ್ಸರ್ ಬರುವುದರಿಂದ, ಸಿರೋಸಿಸ್ ನೋಡಿ ಎಚ್ಚರಿಸುವ ವ್ಯವಸ್ಥೆಯ ಕಣ್ಣಿಗೂ ಅವರು ಬೀಳುವುದಿಲ್ಲ. ಗಡ್ಡೆ ದೊಡ್ಡದಾದಷ್ಟೂ ರಕ್ತನಾಳಕ್ಕೆ ನುಸುಳುವ ಸಾಧ್ಯತೆ ಹೆಚ್ಚು, ನುಸುಳಿದಷ್ಟೂ ಬೇಗ ಮರಳುವ ಸಾಧ್ಯತೆ ಹೆಚ್ಚು. ಇತ್ತ ಉಳಿದ ಯಕೃತ್ತಿನಲ್ಲಿ ನಾರುಗಟ್ಟಿದ ಕಲೆ ಎಷ್ಟು ಮುಂದುವರಿದಿದೆಯೋ ಅಷ್ಟು ತಡವಾಗಿ ಮರಳುವ ಅಪಾಯ. ಸಕ್ಕರೆ ಕಾಯಿಲೆ, ಬೊಜ್ಜು, ಮುಂದುವರಿದ ಕುಡಿತ ಇವು ಆ ಅಪಾಯಕ್ಕೆ ಎಷ್ಟು ಸೇರಿಸುತ್ತವೆ ಎನ್ನುವ ಬಗ್ಗೆ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ನೆಲದ ಗುಣವನ್ನು ನೋಡಬೇಕು ಎನ್ನುವುದರಲ್ಲಿ ಭಿನ್ನಮತ ಇಲ್ಲ.

ನೆಲವನ್ನು ನೋಡುವುದು ಹೇಗೆ ಎಂಬುದಕ್ಕೆ ಇತಿಹಾಸದ ವಿದ್ಯಾರ್ಥಿಗಳಿಗೆ ತುಂಬ ಇಷ್ಟವಾಗುವ ಉದಾಹರಣೆಯೊಂದಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶವನ್ನು ಆಸ್ಪತ್ರೆಗಳು ಫಾರ್ಮಲಿನ್‌ನಲ್ಲಿ ಅದ್ದಿ ಮೇಣದ ಅಚ್ಚಿನಲ್ಲಿ ಕೂರಿಸಿ ಕಪಾಟಿನಲ್ಲಿ ಇಡುತ್ತವೆ. ವರದಿ ಬರೆದ ಮೇಲೆ ಅವನ್ನು ತೆಗೆದು ನೋಡುವವರು ಕಡಿಮೆ. 2008ರಲ್ಲಿ ಯುಜಿನ್ ಹೋಶಿದಾ ಮತ್ತು ಸಂಗಡಿಗರು ಹೀಗೆ ಕಪಾಟಿನಲ್ಲಿದ್ದ, ಕೆಲವಂತೂ 24 ವರ್ಷದಷ್ಟು ಹಳೆಯದಾದ ಮೇಣದ ಅಚ್ಚುಗಳಿಂದ ವಂಶವಾಹಿಗಳ ಚಟುವಟಿಕೆಯನ್ನು ಓದಿದರು. ಜಪಾನ್, ಅಮೆರಿಕ ಮತ್ತು ಯೂರೋಪಿನ ಒಟ್ಟು 307 ರೋಗಿಗಳ ಅಂಗಾಂಶ ಅದರಲ್ಲಿತ್ತು. ಯಾರು ಎಷ್ಟು ಕಾಲ ಬದುಕಿದರು ಎಂಬುದು ಆಗಲೇ ದಾಖಲಾಗಿದ್ದರಿಂದ ಭವಿಷ್ಯಕ್ಕೆ ಕಾಯಬೇಕಿರಲಿಲ್ಲ. ಎಲ್ಲರೂ ನಿರೀಕ್ಷಿಸಿದ್ದು ಗಡ್ಡೆಯ ಅಂಗಾಂಶ ಮಾತಾಡುತ್ತದೆ ಎಂದು. ಅದರಿಂದ ಹೇಳಿಕೊಳ್ಳುವಂಥ ಸುಳಿವು ಸಿಗಲಿಲ್ಲ. ರೋಗಿಯ ಮುಂದಿನ ಗತಿಯನ್ನು ಹೇಳಿದ್ದು ಗಡ್ಡೆಯ ಸುತ್ತ, ‘ಗಡ್ಡೆಯಲ್ಲದ’ ಭಾಗ ಎಂದು ಅಚ್ಚಿನ ಅಂಚಿನಲ್ಲಿ ಕುಳಿತಿದ್ದ ಯಕೃತ್ತು. ಆ ರೋಗಿಗಳಲ್ಲಿ ಹೆಚ್ಚಿನವರು ವೈರಸ್ ಇದ್ದವರೇ. ಆದರೂ ವೈರಸ್ ಇಲ್ಲದವರಿಗೆ ಈ ಫಲಿತಾಂಶದಲ್ಲಿ ಒಂದು ಸಂದೇಶವಿದೆ. ನೆಲ ಕೆಟ್ಟಿದ್ದು ಯಾವುದರಿಂದ ಎನ್ನುವುದು ಬೇರೆ ಬೇರೆಯಾಗಬಹುದು, ಕೆಟ್ಟ ನೆಲದಲ್ಲಿ ಬೀಜ ಕಾಯುತ್ತಿರುತ್ತದೆ ಎನ್ನುವುದು ಎಲ್ಲರಿಗೂ ಒಂದೇ.

ಗಡ್ಡೆ ಕತ್ತರಿಸಿದ ಮೇಲೆ ಕೊಡಲು ಒಂದು ಔಷಧ ಹುಡುಕುವ ಪ್ರಯತ್ನದ ಕಥೆ ಅಷ್ಟು ಉತ್ಸಾಹ ತರುವುದಿಲ್ಲ. 1996ರಲ್ಲಿ ಜಪಾನಿನಲ್ಲಿ 89 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ವಿಟಮಿನ್ ಎ ಜಾತಿಯ ಒಂದು ಔಷಧ ಹೊಸ ಗಡ್ಡೆಗಳನ್ನು ತಡೆದಂತೆ ಕಂಡಿತು, ಆದರೆ ಅದು ನಿತ್ಯದ ಚಿಕಿತ್ಸೆಯಾಗಿ ನೆಲೆಯೂರಲಿಲ್ಲ. ಮುಂದುವರಿದ ಕ್ಯಾನ್ಸರಿನಲ್ಲಿ ಬಳಕೆಯಲ್ಲಿದ್ದ ಸೊರಾಫೆನಿಬ್ ಎಂಬ ಮಾತ್ರೆಯನ್ನು 1,114 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಬಂತು, ಮರುಕಳಿಕೆ ತಗ್ಗಲಿಲ್ಲ. ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಔಷಧಗಳ ಜೋಡಿಯೊಂದನ್ನು 668 ರೋಗಿಗಳಲ್ಲಿ ನೋಡಿದ ಅಧ್ಯಯನ 2023ರಲ್ಲಿ ಆಸೆ ಹುಟ್ಟಿಸಿತು, ಇನ್ನೂ ಕೆಲ ಕಾಲ ಕಾದು ನೋಡಿದಾಗ ಆ ಲಾಭ ಉಳಿಯಲಿಲ್ಲ. ಔಷಧಗಳ ಗುರಿ ಬಹುಮಟ್ಟಿಗೆ ಬೇರಿನ ತುಂಡಿನ ಮೇಲಿದೆ. ನೆಲವನ್ನು ಹಸನು ಮಾಡುವುದು ವೈರಸ್ ಇದ್ದವರಲ್ಲಿ ಮಾತ್ರೆಯಿಂದ ಆಗುತ್ತದೆ. ಇಲ್ಲದವರಲ್ಲಿ ಅದು ತೂಕ, ಸಕ್ಕರೆ, ಕುಡಿತ ಇವುಗಳ ಬೆನ್ನು ಹತ್ತುವ ನಿಧಾನದ ಕೆಲಸ.

ಇಲ್ಲಿ ಭಾರತದ ಮಾತು ಬರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಮದ್ಯದಿಂದಲ್ಲದ ಕೊಬ್ಬಿನ ಯಕೃತ್ತನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್‌ಗಳನ್ನು ತಡೆಯುವ ತನ್ನ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. ತಡವಾಗಿಯಾದರೂ ಒಳ್ಳೆಯ ಹೆಜ್ಜೆ. ಎರಡು ವರ್ಷದ ನಂತರ, 2023ರಲ್ಲಿ, ಹಲವು ದೇಶಗಳ ಯಕೃತ್ತಿನ ತಜ್ಞರು ಕೂಡಿ ಆ ‘ಅಲ್ಲ’ವನ್ನು ಹೆಸರಿನಿಂದ ತೆಗೆದುಹಾಕಿದರು. ಹೊಸ ಹೆಸರು ದೇಹದ ಚಯಾಪಚಯದ ಏರುಪೇರನ್ನು ಕಾರಣವೆಂದು ನೇರವಾಗಿ ಹೇಳುತ್ತದೆ. ಕುಡಿತದ ನೆರಳನ್ನು ರೋಗಿಯ ಮೇಲೆ ಬೀಳಿಸುವ ಹೆಸರು ಅವಮಾನಕರ ಎಂಬುದೂ ಬದಲಾವಣೆಗೆ ಕೊಟ್ಟ ಕಾರಣಗಳಲ್ಲೊಂದು. ನಮ್ಮ ದೊಡ್ಡಮ್ಮನಂಥವರ ನೋವು ಕೊನೆಗೂ ತಜ್ಞರ ಸಭೆಯ ಕಡತ ಸೇರಿತು ಎಂದುಕೊಂಡೆ.

ಹೆಸರು ಬದಲಾದರೂ ಲೆಕ್ಕದ ಸಮಸ್ಯೆ ಉಳಿದಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮುಂಬೈ, ಚೆನ್ನೈ ಜೊತೆಗೆ ದೇಶದ ರಾಷ್ಟ್ರೀಯ ಕಾರ್ಯಕ್ರಮದ ಮೊದಲ ನೋಂದಣಿಗಳಲ್ಲಿ ಅದೂ ಒಂದು. ಕರ್ನಾಟಕದಲ್ಲಿ ಕ್ಯಾನ್ಸರಿನ ಚರಿತ್ರೆ ಬರೆಯುವವರಿಗೆ ಅದು ದೊಡ್ಡ ಆಸ್ತಿ. ಆದರೆ ಜಗತ್ತಿನ ಎಲ್ಲೆಡೆಯಂತೆ ಇಂಥ ನೋಂದಣಿಗಳ ಕೆಲಸ ಹೊಸ ಕ್ಯಾನ್ಸರ್ ಎಷ್ಟು ಮಂದಿಗೆ ಬಂತು ಎಂದು ಎಣಿಸುವುದು. ಮರಳಿ ಬಂದದ್ದನ್ನು ಹೊಸ ಪ್ರಕರಣವಾಗಿ ಎಣಿಸುವುದಿಲ್ಲ. ಮರುಕಳಿಕೆಯ ಲೆಕ್ಕ ಇರುವುದು ಆಯಾ ಆಸ್ಪತ್ರೆಯ ಫೈಲುಗಳಲ್ಲಿ ಮಾತ್ರ, ಅದೂ ರೋಗಿ ತಪಾಸಣೆಗೆ ಬಂದರೆ. ಬಳ್ಳಾರಿಯಿಂದಲೋ ಬೀದರಿನಿಂದಲೋ ರಾತ್ರಿ ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬರಬೇಕಾದವರು ಎರಡನೇ ವರ್ಷಕ್ಕೆ ಬರುವುದನ್ನು ನಿಲ್ಲಿಸಿದರೆ, ಕ್ಯಾಪ್ಲಾನ್ ಮತ್ತು ಮೀಯರ್ ಅವರ ಮೆಟ್ಟಿಲು ಅವರನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಹಾಗೆ ಬಿಟ್ಟುಹೋದವರ ಗತಿಯೂ ಉಳಿದವರ ಗತಿಯಂತೆಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಆ ಗಣಿತ ನಿಂತಿದೆ. ದುಡ್ಡಿಲ್ಲದ್ದಕ್ಕೆ, ಮೈಯಲ್ಲಿ ಶಕ್ತಿಯಿಲ್ಲದ್ದಕ್ಕೆ ಬಾರದವರ ಬಗ್ಗೆ ಆ ನಂಬಿಕೆ ಸುಲಭವಾಗಿ ಒಪ್ಪುವಂಥದ್ದಲ್ಲ.

ನಮ್ಮ ಭಾಷೆಯಲ್ಲಿ ‘ಮರಳಿ ಬಂದಿಲ್ಲ’ ಎನ್ನುವ ಮಾತಿಗೆ ಎರಡು ಅರ್ಥ. ಗಡ್ಡೆ ಮರಳಿ ಬಂದಿಲ್ಲ ಎಂದರೆ ನೆಮ್ಮದಿ, ರೋಗಿ ಮರಳಿ ಬಂದಿಲ್ಲ ಎಂದರೆ ಆತಂಕ. ಫೈಲಿನ ಕೊನೆಯ ಪುಟದಲ್ಲಿ ಏನನ್ನೂ ಬರೆಯದೆ ಬಿಟ್ಟಾಗ ಎರಡೂ ಒಂದೇ ಥರ ಕಾಣುತ್ತವೆ. ವೈರಸ್ ಇದ್ದವರನ್ನಾದರೂ ಮಾತ್ರೆಯ ನೆಪದಲ್ಲಿ ಆಸ್ಪತ್ರೆ ಹಿಡಿದಿಟ್ಟುಕೊಳ್ಳುತ್ತದೆ. ಬಿ ನೆಗೆಟಿವ್, ಸಿ ನೆಗೆಟಿವ್ ಎಂದು ಬರೆಸಿಕೊಂಡವರಿಗೆ ಆ ದಾರವೂ ಇಲ್ಲ. ಅವರ ಫೈಲಿನಲ್ಲಿ ಆ ಎರಡು ನೆಗೆಟಿವ್‌ಗಳ ಕೆಳಗೆ ಇನ್ನೂ ನಾಲ್ಕು ಸಾಲು ಬೇಕು: ಸಕ್ಕರೆ ಎಷ್ಟಿದೆ, ತೂಕ ಎಷ್ಟು, ಉಳಿದ ಯಕೃತ್ತಿನಲ್ಲಿ ಗಾಯದ ಕಲೆ ಎಲ್ಲಿಯವರೆಗೆ ಬಂದಿದೆ, ಮುಂದಿನ ಸಲ ಯಾವ ದಿನ ಬರಬೇಕು ಮತ್ತು ಬಾರದಿದ್ದರೆ ಫೋನ್ ಮಾಡುವವರು ಯಾರು.